ದುಮಾನ್‌ಗೊಂದು ಜೊತೆ

ಅಲಾ ಹೋದ ಮೇಲೆ ದುಮಾನ್ ಅಂಬಲಿಯ ಮರಿಗೆಯತ್ತ ತಿರುಗಿಯೂ ನೋಡಲಿಲ್ಲ. ಬಾರ್ಲಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಮೇಲಿಷ್ಟು ಮಜ್ಜಿಗೆ ಸುರಿದು ಯೆತೆರ್ ಇಟ್ಟು ಬರುತ್ತಿದ್ದಳು. ಸಂಜೆ ಹೊತ್ತಿಗೆ ಅದನ್ನು ಕೋಳಿಗಳು ಕುಕ್ಕಿ ಮುಗಿಸಿರುತ್ತಿದ್ದವು. ಕುರಿಹಟ್ಟಿಯ ಗೋಡೆಯ ಪಕ್ಕದ ಚಪ್ಪಡಿಯ ಮೇಲೆ, ಅಲಾ ಮಲಗುತ್ತಿದ್ದ ಜಾಗವನ್ನು ಹಾಗೇ ಖಾಲಿ ಬಿಟ್ಟು, ತನ್ನ ಅರ್ಧದಲ್ಲಿ ಮುದುಡಿಕೊಂಡು ಬಿದ್ದಿರುತ್ತಿದ್ದ ಅವನು.

ಅಲಾ, ದುಮಾನ್ ಎರಡೂ ನಾಯಿಗಳು ಕೂಡಿಯೇ ಮಂದೆ ಕಾಯುತ್ತಿದ್ದವು. ಒಂದು ಮುಂದೆ, ಒಂದು ಹಿಂದೆ. ಆ ವಸಂತದಲ್ಲಿ ತೋಳವೊಂದಕ್ಕೆ ಬಾಯಿ ಹಾಕಿದ ಅಲಾ, ಹಿಡಿದ ಹಿಡಿ ಬಿಡದೆ, ಅದರ ಜೊತೆಗೇ ಉರುಳಿಕೊಂಡು ಹೋಗಿ, ಹಿಮ ಕರಗಿ ಉಕ್ಕುತ್ತಿದ್ದ ಹೊಳೆಗೆ ಬಿದ್ದಳು. ತೋಳದ ಹೆಣ ಕೆಳಗಿನ ಊರಲ್ಲಿ ಸಿಕ್ಕಿತು. ಅಲಾ ಸಿಗಲಿಲ್ಲ. ಯೆತೆರಳ ಗಂಡ ದುರ್ಸುನ್ ದಿನವಿಡೀ ಮೊಣಕಾಲುದ್ದದ ನೀರಿನಲ್ಲಿ ನಿಂತು ಕೋಲಿನಿಂದ ತಡಕಾಡಿದ. ಅವನು ಹುಡುಕುತ್ತಿದ್ದದ್ದು ಅವಳ ಕೊರಳಿನ ಮುಳ್ಳುಪಟ್ಟಿಯನ್ನು. ಬೆರಳುದ್ದದ ಮೊಳೆಗಳಿದ್ದ ಕಬ್ಬಿಣದ ಪಟ್ಟಿ. ತೋಳ ಗಂಟಲಿಗೆ ಬಾಯಿ ಹಾಕಿದರೆ ತೋಳದ ಬಾಯೇ ಹರಿಯಬೇಕು. ಅದನ್ನು ಬಡಿದುಕೊಟ್ಟ ಕಮ್ಮಾರ ಸತ್ತು ಎಷ್ಟೋ ಕಾಲವಾಗಿತ್ತು.

"ಕಬ್ಬಿಣ ತೇಲಲ್ಲ ಕಣೋ, ಬಾ ಮೇಲೆ," ಎಂದು ದಡದಿಂದ ಕೂಗಿದಳು ಅವನ ತಾಯಿ ಎಲ್ಮಾಸ್. "ನಿಂಗೆ ಜ್ವರ ಬಂದ್ರೆ ಇನ್ನೊಂದು ಖರ್ಚು."

ಉಳಿದದ್ದು ದುಮಾನ್ ಕೊರಳಿನದು ಒಂದೇ ಪಟ್ಟಿ.

ಆ ಪಟ್ಟಿಯನ್ನು ಕಟ್ಟುವ ಕೆಲಸ ಯೆತೆರಳದು. ಬೇರೆ ಯಾರ ಕೈಗೂ ದುಮಾನ್ ಕೊರಳು ಕೊಡುತ್ತಿರಲಿಲ್ಲ. ಸಂಜೆ ಕುರಿಗಳು ಹಟ್ಟಿ ಸೇರಿದ ಮೇಲೆ ಅವಳ ಎದುರಿಗೆ ಬಂದು ಕೂತು, ಗದ್ದ ಎತ್ತುತ್ತಿದ್ದ. ಅವಳು ಕೊಕ್ಕೆ ಬಿಗಿದು, ಹೆಗಲ ಮೇಲೆ ಎರಡು ಸಲ ತಟ್ಟುತ್ತಿದ್ದಳು. ತಟ್ಟಿದರೆ ಹೊರಟ. ತಟ್ಟದಿದ್ದರೆ ಕೂತೇ ಇರುತ್ತಿದ್ದ, ಬೆಳಗಾಗಲಿ, ಬೆಟ್ಟ ಬೀಳಲಿ. ಆಚೆ ಬೆಟ್ಟದ ಕುರುಬ ಬೆಕ್ತಾಶ್ ಇದನ್ನು ನೋಡಿದಾಗಲೆಲ್ಲ ನಗುತ್ತಿದ್ದ: "ಸಿಪಾಯಿಗಿಂತ ಕಡೆ ಕಣಮ್ಮಾ ನಿನ್ನ ನಾಯಿ."

ನಾಯಿ ಎನ್ನುವ ಮಾತು ಯೆತೆರಳಿಗೆ ಎಲ್ಲೋ ಚುಚ್ಚುತ್ತಿತ್ತು. ದುಮಾನ್ ಕಣ್ಣು ಬಿಡದ ಮರಿಯಾಗಿ ಈ ಮನೆಗೆ ಬಂದ ಚಳಿಗಾಲದಲ್ಲೇ ಅವಳ ಕೂಸು ಅಳದೆ ಹುಟ್ಟಿ ಅಳದೆ ಹೋಗಿತ್ತು. ಎದೆ ಕಲ್ಲುಕಟ್ಟಿ ಮೈ ಕಾಯತೊಡಗಿದಾಗ ಸೂಲಗಿತ್ತಿ, "ಹಿಂಡಿ ಮಣ್ಣಿಗೆ ಚೆಲ್ಲಬೇಡ, ಆ ತಬ್ಬಲಿಗಾದ್ರೂ ಹಾಕು," ಎಂದಳು. ಬಟ್ಟಲಿಗೆ ಹಿಂಡಿ ಹಾಕಿದಳು ಯೆತೆರ್. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು ಎನ್ನುವ ಸೀಮೆ ನಮ್ಮದು. ಅತ್ತೆ ಅದನ್ನು ಮರೆಯಲೂ ಇಲ್ಲ, ಮರೆಯಲು ಬಿಡಲೂ ಇಲ್ಲ.

"ನಿನ್ನ ಹಾಲುಮಗ ಉಪವಾಸ ಹಿಡಿದಿದಾನಲ್ಲೇ," ಎಂದಳು ಎಲ್ಮಾಸ್, ಒಲೆಯ ಮುಂದೆ ಕಾಲು ಚಾಚಿಕೊಂಡು. "ರಂಜಾನ್ ಇನ್ನೂ ದೂರ ಇದೆ ಅಂತ ಹೇಳು."

ಯೆತೆರ್ ಚಹಾ ಲೋಟಗಳನ್ನು ಇಟ್ಟು, ಗಂಡನ ಕಡೆ ತಿರುಗಿದಳು. "ಅವನಿಗೊಂದು ಜೊತೆ ತರೋಣ. ಹೀಗೇ ಬಿಟ್ರೆ ಸಾಯ್ತಾನೆ."

"ಇರೋದೇ ತಿಂತಿಲ್ಲ. ಇನ್ನೊಂದಕ್ಕೆ ಬೇಯ್ಸೋರು ಯಾರು?"

"ಇಷ್ಟು ದಿನ ನೀವು ಬೇಯಿಸ್ತಿದ್ರಾ?"

"ನೋಡಮ್ಮಾ, ನಾಯಿಗೆ ಬೇಜಾರಂತೆ!" ದುರ್ಸುನ್ ತಾಯಿಗೆ ಹೇಳಿ ನಕ್ಕ. "ನಂಗೆ ಬೇಜಾರಾದ್ರೆ ಯಾರು ಜೊತೆ ತಂದ್ಕೊಡ್ತಾರೆ?"

"ತಂದ್ಕೊಟ್ಟಿದೀನಲ್ಲೋ. ಅಲ್ಲಿ ಕೂತಿದೆ ನೋಡು, ಲೋಟ ಇಟ್ಕೊಂಡು."

ಇಬ್ಬರೂ ನಕ್ಕರು. ಯೆತೆರ್ ನಗು ಮುಗಿಯುವವರೆಗೆ ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. ಯೆತೆರ್ ಎಂದರೆ ಸಾಕು ಎಂದು. ಹೆಣ್ಣು ಹುಟ್ಟಿದ್ದು ಸಾಕಪ್ಪಾ ಎಂದು ಅವಳಪ್ಪ ಇಟ್ಟ ಹೆಸರು; ಅವಳ ಬೆನ್ನಿಗೆ ಮತ್ತೂ ಹೆಣ್ಣುಗಳೇ ಹುಟ್ಟಿದವು, ಬೈಗಳು ಮಾತ್ರ ಅವಳಿಗೇ ಬಿದ್ದವು, ಹೆಸರಿನ ಕೆಲಸ ಮಾಡಲಿಲ್ಲ ಎಂದು.

ದುರ್ಸುನ್ ಎದ್ದು ಹೊರಗೆ ಹೋದ ಮೇಲೆ ಎಲ್ಮಾಸ್ ದನಿ ತಗ್ಗಿಸಿದಳು. "ತರಬೇಡ ಕಣೇ."

"ಯಾಕತ್ತೆ?"

"ನನ್ನ ಸೊಂಟ ಬಿದ್ದುಹೋಗಿತ್ತು. ಇವನಪ್ಪ ಹೇಳ್ದ, ಎಲ್ಮಾಸ್, ನಿಂಗೆ ಕೈಗೊಬ್ಳು ಬೇಕು, ಸೊಸೆ ತರೋಣ ಅಂತ. ನಾನೂ ಕುಣ್ಕೊಂಡು ಹೋಗಿ ನಿನ್ನನ್ನ ತಂದ್ಕೊಂಡೆ. ರೊಟ್ಟಿ ಲಟ್ಟಿಸೋದು ತೋರ್ಸ್ದೆ, ತೊಗಲಚೀಲಕ್ಕೆ ಚೀಸ್ ತುಂಬೋದು ತೋರ್ಸ್ದೆ. ನೀನು ಎಲ್ಲಾ ಕಲ್ತೆ. ಈಗ ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿದೆ? ಒಂದು ಹಿಡಿ ಒಣದ್ರಾಕ್ಷಿ ಬೇಕಿದ್ರೂ ನಿನ್ನ ಮುಖ ನೋಡ್ಬೇಕು ನಾನು."

"ಇಲ್ಲ ಅಂದಿದೀನಾ ಯಾವತ್ತಾದ್ರೂ?"

"ಅಂದಿಲ್ಲ. ಅದಕ್ಕೇ ಇನ್ನೂ ಉಸಿರಾಡ್ತಿದೀನಿ. ನಿನ್ನ ದುಮಾನ್‌ಗೆ ಹಾಗೆ ದ್ರಾಕ್ಷಿ ಕೊಡೋರು ಯಾರು?"

ಮುದುಕಿಯ ಹೊಟ್ಟೆಯುರಿ ಎಂದುಕೊಂಡಳು ಯೆತೆರ್. ಮುದುಕಿಗೆ ಹೊಟ್ಟೆಯುರಿ ಇದ್ದದ್ದೂ ನಿಜ.

ದುರ್ಸುನ್ ಮನಸ್ಸು ಕೊನೆಗೆ ತಿರುಗಿದ್ದು ಬೆಕ್ತಾಶ್ ಮಾತಿಗೆ. "ಒಂಟಿ ನಾಯಿನ ನಂಬ್ಕೊಂಡು ಹೇಗೋ ಮಲಗ್ತೀಯ? ಹೆಣ್ಣುತೋಳ ಬಂದು ಬಾಲ ಆಡಿಸ್ತಾ ಕರ್ಕೊಂಡು ಹೋಗುತ್ತೆ. ಉಳಿದವು ಬಂಡೆ ಹಿಂದೆ ಕಾಯ್ತಿರ್ತವೆ. ಬೆಳಿಗ್ಗೆ ನಿಂಗೆ ನಾಯಿನೂ ಇಲ್ಲ, ಕುರಿನೂ ಇಲ್ಲ. ನನ್ನ ಹೆಣ್ಣುನಾಯಿ ಈದಿದೆ, ಒಂದು ಮರಿ ತಗೊಂಡು ಹೋಗು."

ನಮ್ಮಲ್ಲಿ ಕುರುಬರು ಕುರುಬರಿಗೆ ನಾಯಿಮರಿ ಮಾರುವುದಿಲ್ಲ. ಸುಮ್ಮನೆ ಕೊಡುತ್ತಾರೆ, ಮುಂದೊಂದು ದಿನ ಸುಮ್ಮನೆ ಕೇಳುತ್ತಾರೆ. ದುರ್ಸುನ್ ಮರಿಯನ್ನು ಕೋಟಿನೊಳಗೆ ಹಾಕಿಕೊಂಡು ಬಂದು ಯೆತೆರಳ ಮಡಿಲಿಗೆ ಹಾಕಿದ. "ತಗೋ, ನಿನ್ನ ಹಟ ಗೆಲ್ತು. ಜೊತೆ ಜೊತೆ ಅಂತಿದ್ಯಲ್ಲ. ಇದು ಬಲಿತ ಮೇಲೆ ಏನು ಮಾಡ್ಬೇಕೋ ಅದು ನಂಗೆ ಬಿಟ್ಟಿದ್ದು."

ಯೆತೆರ್ ಖುಷಿಯಲ್ಲಿದ್ದಳು. ಆ ಕೊನೆಯ ಮಾತನ್ನು ಕೇಳಿಸಿಕೊಂಡಳು, ಹಿಡಿದುಕೊಳ್ಳಲಿಲ್ಲ.

ಮರುದಿನ ದುರ್ಸುನ್ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದ. ತೋಳಕ್ಕೆ ಹಿಡಿಯಲು ಕಿವಿ ಸಿಗಬಾರದು, ಅದಕ್ಕೆ. ಯೆತೆರ್ ಮರಿಯ ಮೂತಿ ಒತ್ತಿ ಹಿಡಿದಳು, ಅವನು ಎರಡೂ ಕಿವಿ ಬುಡಕ್ಕೆ ಕತ್ತರಿಸಿದ. ಕತ್ತರಿಸಿದ ಚೂರುಗಳನ್ನು ಒಲೆಯ ತಗಡಿನ ಮೇಲೆ ಸುಟ್ಟು ಮರಿಗೇ ತಿನ್ನಿಸಿದ. ತನ್ನ ಮಾಂಸದ ರುಚಿ ಕಂಡ ನಾಯಿಗೆ ಬೇರೆಯವರ ಮಾಂಸದ ಭಯವಿರುವುದಿಲ್ಲ ಎಂದು ಅವನಪ್ಪನೂ ಹಾಗೇ ಮಾಡುತ್ತಿದ್ದ. ಮರಿ ಅರಚುತ್ತ ಅರಚುತ್ತಲೇ ತಿಂದಿತು, ಹಸಿದಿತ್ತು.

ಆ ಅರಚಾಟಕ್ಕೆ ದುಮಾನ್ ಚಪ್ಪಡಿಯಿಂದ ಎದ್ದು ಬಂದ. ಮರಿಯನ್ನು ಮೂಸಿದ. ಆಮೇಲೆ ಮಲಗಿ, ಅದನ್ನು ಮುಂಗಾಲುಗಳ ನಡುವೆ ಎಳೆದುಕೊಂಡು, ಆ ಬೋಳು ತಲೆಯ ರಕ್ತವನ್ನು ಕತ್ತಲಾಗುವವರೆಗೂ ನೆಕ್ಕಿದ. ಅಂದು ಸಂಜೆ ದುಮಾನ್ ಅಂಬಲಿಯ ಮರಿಗೆಯನ್ನು ಖಾಲಿ ಮಾಡಿದ. ಚಪ್ಪಡಿಯ ಅಲಾ ಜಾಗದಲ್ಲಿ ಮರಿ ಮಲಗಿತು.

"ನೋಡಿದ್ರಾ ಅತ್ತೆ?" ಎಂದಳು ಯೆತೆರ್, ಕಣ್ಣೊರೆಸಿಕೊಳ್ಳುತ್ತ.

"ನೋಡ್ದೆ. ಚೆನ್ನಾಗಿ ಕಲಿಸ್ತಾನೆ," ಎಂದಳು ಎಲ್ಮಾಸ್.

ಬೊರಾನ್ ಎಂದು ಹೆಸರಿಟ್ಟರು. ದುಮಾನ್ ಚೆನ್ನಾಗಿಯೇ ಕಲಿಸಿದ. ಮಂದೆಯ ಯಾವ ಬದಿಗೆ ಗಾಳಿ ಬೀಸಿದರೆ ಯಾವ ಬದಿಗೆ ನಿಲ್ಲಬೇಕು, ಯಾವ ಬೊಗಳಿಗೆ ಓಡಬೇಕು, ಯಾವುದಕ್ಕೆ ಓಡಬಾರದು, ಎಲ್ಲವನ್ನೂ. ಮರುವರ್ಷದ ಬೇಸಿಗೆ ಮುಗಿದು ಮಂದೆ ಬೆಟ್ಟದಿಂದ ಇಳಿಯುವಾಗ ಬೊರಾನ್ ಮುಂದಿತ್ತು. ಹಿಂದೆ, ಕುಂಟುವ ಕುರಿಗಳ ಜೊತೆ, ವಯಸ್ಸಾಗಿ ಹಿಂಗಾಲು ಎಳೆಯುತ್ತ ದುಮಾನ್ ಬರುತ್ತಿದ್ದ. ಪಟ್ಟಿ ಮಾತ್ರ ಇನ್ನೂ ಅವನ ಕೊರಳಿನಲ್ಲೇ ಇತ್ತು.

ದುರ್ಸುನ್ ಟಗರು ಮಾರಲು ಸಿವಾಸ್ ಪೇಟೆಗೆ ಹೊರಟಾಗ ಯೆತೆರ್ ಬಾಗಿಲವರೆಗೂ ಹೋಗಿ ಹೇಳಿದಳು: "ಪಟ್ಟಿ ಮರೀಬೇಡಿ." ಅವನು ಹೊಸ ಬೂಟು ಹಾಕಿಕೊಂಡು ಬಂದ. ತಾಯಿಗೆ ಉಣ್ಣೆಯ ಕಾಲುಚೀಲ, ಹೆಂಡತಿಗೆ ಹೂವಿನ ತಲೆವಸ್ತ್ರ ತಂದ.

"ಪಟ್ಟಿ?"

"ಬರೀ ತಗಡಿನವು. ಗೋಡೆಗೆ ನೇತು ಹಾಕೋಕೆ ಶೋಕಿಗೆ ಕೊಳ್ಳೋರಿಗೆ."

"ಬಡಿದು ಕೊಡೋ ಕಮ್ಮಾರ ಒಬ್ನೂ ಇಲ್ವಾ, ಅಷ್ಟು ದೊಡ್ಡ ಪೇಟೇಲಿ?"

ದುರ್ಸುನ್ ಬೂಟಿನ ಲೇಸು ಬಿಚ್ಚುತ್ತಿದ್ದ. "ಇದಾರೆ. ಒಂದು ಪಟ್ಟಿ ಇದೆಯಲ್ಲೇ ಮನೇಲಿ. ಈ ಚಳಿಗಾಲ ಕಳೆದ್ರೆ ಎರಡನೇದನ್ನ ಯಾವ ಕತ್ತಿಗೆ ಹಾಕ್ಲಿ? ನಿನ್ನ ಕತ್ತಿಗಾ?"

ಎಲ್ಮಾಸ್ ಹೊಸ ಕಾಲುಚೀಲ ಹಾಕಿಕೊಂಡು ಬೆರಳುಗಳನ್ನು ಆಡಿಸಿ ನೋಡಿದಳು. ಈ ಸಲ ಅವಳೂ ಮಗನ ಮಾತಿಗೆ ನಗಲಿಲ್ಲ.

ಮೊದಲ ಹಿಮ ಬಿದ್ದ ದಿನ, ಇನ್ನೂ ಬೆಳಕಿರುವಾಗಲೇ, ತೋಳಗಳು ಬಂದವು. ಕುರಿಗಳು ಹಟ್ಟಿಯೊಳಗೆ ಒಂದರ ಮೇಲೊಂದು ಹತ್ತಿ ಗೋಡೆಗೆ ಒತ್ತಿಕೊಂಡವು. ಬೊರಾನ್ ಅಂಗಳದಲ್ಲಿ ಸುತ್ತುತ್ತ ಬೊಗಳುತ್ತಿತ್ತು. ಯೆತೆರ್ ಸಂಜೆಯ ಪಟ್ಟಿ ಕಟ್ಟಲು ಆಗಷ್ಟೇ ಬಾಗಿಲಿಗೆ ಬಂದಿದ್ದಳು. ಪಟ್ಟಿ ಕೈಯಲ್ಲಿತ್ತು. ಎದುರಿಗೆ ದುಮಾನ್ ಕೂತಿದ್ದ, ಗದ್ದ ಎತ್ತಿ.

"ಬೊರಾನ್‌ಗೆ ಹಾಕೇ!" ದುರ್ಸುನ್ ಬಂದೂಕು ತುಂಬುತ್ತ ಒಳಗಿನಿಂದ ಕಿರುಚಿದ. "ಮುದಿದಕ್ಕೆ ಹಾಕಿ ಹಾಳ್ಮಾಡಬೇಡ! ಬೊರಾನ್ ಹೋದ್ರೆ ಮಂದೆನೇ ಹೋಯ್ತು!"

ಯೆತೆರ್ ಒಂದು ಗಳಿಗೆ ನಿಂತಳು. ಬೊರಾನ್ ಹೇಗೂ ನುಗ್ಗುತ್ತದೆ, ಬರಿಗೊರಳಲ್ಲಿ ನುಗ್ಗಿದರೆ ಸಾಯುತ್ತದೆ. ದುಮಾನ್ ಮುದುಕ, ಕಾಲು ಬರುವುದಿಲ್ಲ, ಬಾಗಿಲಲ್ಲೇ ಕೂತಿರುತ್ತಾನೆ. ತಾನು ತಟ್ಟದೆ ಅವನು ಯಾವತ್ತು ಎದ್ದಿದ್ದಾನೆ? ಹೀಗೆಂದುಕೊಂಡೇ ಅವಳು ದುಮಾನ್‌ನನ್ನು ದಾಟಿ ಹೋಗಿ, ಬೊರಾನ್‌ನ ಕತ್ತು ಹಿಡಿದು ಕೊಕ್ಕೆ ಬಿಗಿದಳು. ಬಿಗಿದದ್ದೇ ತಡ, ಅದು ಕೈಜಾರಿ ಓಡಿತು.

ತಿರುಗಿ ನೋಡಿದರೆ ದುಮಾನ್ ಕೂತಲ್ಲೇ ಕೂತಿದ್ದ. ಗದ್ದ ಇನ್ನೂ ಮೇಲೇ ಇತ್ತು. ಪಟ್ಟಿ ಉಜ್ಜಿ ಉಜ್ಜಿ ಕೂದಲು ಉದುರಿದ ಕೊರಳು ಹಿಮದ ಬೆಳಕಿನಲ್ಲಿ ಕೂಸಿನ ಕೊರಳಿನಂತೆ ಬೆಳ್ಳಗೆ ಕಂಡಿತು. ಅವಳು ಮಂಡಿಯೂರಿ ಕೂತು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಇವತ್ತು ಬೇಡ ಕಂದಾ. ಇವತ್ತು ನೀನು ಮನೇಲಿರು, ನನ್ನಪ್ಪಾ, ಆಯ್ತಾ," ಎಂದಳು. ಎಂದು, ಸಮಾಧಾನಕ್ಕೆ, ಹೆಗಲ ಮೇಲೆ ತಟ್ಟಿದಳು. ಎರಡು ಸಲ.

ದುಮಾನ್ ಎದ್ದ.

"ಇಲ್ಲ! ಬೇಡ! ದುಮಾನ್!" ಅವಳ ಕೈಗೆ ಬಾಲದ ಕೂದಲೂ ಸಿಗಲಿಲ್ಲ. ಎಳೆಯುವ ಹಿಂಗಾಲನ್ನು ಎಳೆದುಕೊಂಡೇ, ಎಂದಿನ ದಾರಿಯಲ್ಲಿ, ಹಟ್ಟಿಯ ಗೋಡೆ ಬಳಸಿ ಅವನು ಕೆಲಸಕ್ಕೆ ಹೋದ.

ತೋಳಗಳು ಅವನನ್ನೇ ಮೊದಲು ಹಿಡಿದವು. ಅವು ಅವನ ಮೇಲೆ ಇದ್ದಾಗ ಬೊರಾನ್ ಪಕ್ಕದಿಂದ ನುಗ್ಗಿ ಒಂದನ್ನು ಕೆಡವಿತು, ದುರ್ಸುನ್‌ನ ಗುಂಡಿಗೆ ಇನ್ನೊಂದು ಬಿತ್ತು, ಉಳಿದವು ಓಡಿದವು. ಒಂದು ಕುರಿಯೂ ಹೋಗಲಿಲ್ಲ.

ದುರ್ಸುನ್ ಹೊಸ ಬೂಟಿನ ರಕ್ತವನ್ನು ಹಿಮದಲ್ಲಿ ಒರೆಸಿಕೊಂಡು, ಒಳಗೆ ಬಂದು ಚಹಾ ಕೇಳಿದ. ಖುಷಿಯಲ್ಲಿದ್ದ. "ಮುದುಕ ಒಳ್ಳೇ ಕೆಲಸಕ್ಕೆ ಬಂದ ಕಣಮ್ಮಾ. ಅವು ಅವನನ್ನ ಹರಿಯೋದ್ರಲ್ಲಿ ಇರ್ಲಿಲ್ಲ ಅಂದ್ರೆ ಬೊರಾನ್‌ಗೆ ಆಯ ಸಿಗ್ತಿರ್ಲಿಲ್ಲ. ಕೊನೆಗೂ ಚೆನ್ನಾಗಿ ಜೊತೆ ಕೊಟ್ಟ." ಹೆಂಡತಿಯ ಮುಖ ನೋಡಿ ದನಿ ಬದಲಿಸಿದ. "ನಾನೇನು ಅವನನ್ನ ಹೊರಗೆ ಬಿಡು ಅಂದ್ನಾ? ಪಟ್ಟಿ ಬೊರಾನ್‌ಗೆ ಹಾಕು ಅಂದೆ, ಅಷ್ಟೇ. ಅವನು ಯಾಕೆ ಹೋದ?"

ಎಲ್ಮಾಸ್ ಒಲೆಯ ಪಕ್ಕದ ಕಿಟಕಿಯಲ್ಲಿ ಕೂತು ಎಲ್ಲವನ್ನೂ ನೋಡಿದ್ದಳು. ಸೊಸೆಯ ಕೈಯನ್ನೇ ನೋಡುತ್ತ, "ಕಳಿಸಿದ್ರು, ಹೋದ," ಎಂದಳು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ಒಣದ್ರಾಕ್ಷಿ ಬೇಕೆನಿಸಿದಾಗ ಮಾತ್ರ ಯೆತೆರಳ ಬಲಗೈಯನ್ನು ಒಮ್ಮೆ ನೋಡುತ್ತಿದ್ದಳು. ಯೆತೆರ್ ಎದ್ದು ಹೋಗಿ ಉಗ್ರಾಣದ ಬೀಗ ತೆಗೆಯುತ್ತಿದ್ದಳು, ಹಿಡಿ ತುಂಬ ತಂದು ಕೊಡುತ್ತಿದ್ದಳು.

ನೆಲ ಹೆಪ್ಪುಗಟ್ಟಿತ್ತು, ಅಗೆಯಲಾಗಲಿಲ್ಲ. ದುಮಾನ್ ಮೇಲೆ ಕಲ್ಲು ಪೇರಿಸಿದರು. ಬೊರಾನ್ ಆಮೇಲೆ ಅಂಬಲಿ ಮುಟ್ಟಲಿಲ್ಲ. ಚಪ್ಪಡಿಯ ಮೇಲೆ ಒಂದು ಅರ್ಧ ಬಿಟ್ಟು ಇನ್ನೊಂದು ಅರ್ಧದಲ್ಲಿ ಮಲಗತೊಡಗಿತು.

"ಇದಕ್ಕೂ ಅದೇ ಕಾಯಿಲೆ," ಎಂದ ದುರ್ಸುನ್. "ಬೆಕ್ತಾಶ್ ಹತ್ರ ಮರಿಗಳಿವೆಯಂತೆ. ಏನಂತೀಯ? ಹೋದ್ಸಲ ನಿನ್ನ ಮಾತು ಕೇಳಿ ಒಳ್ಳೇದೇ ಆಯ್ತು."

ಹೊತ್ತು ಮುಳುಗುತ್ತಿತ್ತು. ಯೆತೆರ್ ಪಟ್ಟಿಯ ಮೊಳೆಗಳಿಗೆ ಅಂಟಿದ್ದ ಕೂದಲನ್ನು ಉಗುರಿನಿಂದ ತೆಗೆದು ಬಾಗಿಲಿಗೆ ಬಂದಳು. ಬೊರಾನ್ ಚಪ್ಪಡಿಯಿಂದ ಇಳಿದು ಬಂದು ಎದುರಿಗೆ ಕೂತ. ಗದ್ದ ಎತ್ತಿದ. ಇದನ್ನು ಅವನಿಗೆ ಯಾರು ಕಲಿಸಿದ್ದೆಂದು ಅವಳಿಗೆ ಗೊತ್ತಿತ್ತು.

ಕೊಕ್ಕೆ ಬಿಗಿದಳು. ಕೈ ತೆಗೆದಳು. ಬೊರಾನ್ ಅಲ್ಲಾಡಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತ.

"ಏನೇ ಅದು, ಕತ್ತಲಾಯ್ತು, ಬಿಡು ಅದನ್ನ!" ಒಳಗಿನಿಂದ ದುರ್ಸುನ್ ಕೂಗಿದ.

ಅವಳು ತಟ್ಟಿದಳು.