ಸಣ್ಣ ಹೆಸರಿಗೊಂದು ಜಾಗ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರು ಅಂಗಡಿಯ ದೀಪವೊಂದೇ ಗಾಳಿಯಲ್ಲಿ ತೇಲುವಂತೆ ಕಾಣುತ್ತಿತ್ತು. ಅತ್ತಿಗೆ ದೇವರನ್ನು ನೆನೆದು ಕಂಪ್ಯೂಟರ್ ಮುಂದೆ ಕೂತಳು. ಎರಡು ವರ್ಷ ಪಟ್ಟು ಹಿಡಿದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಕಲಿಸಿದ ವಿದ್ಯೆ ಮಧ್ಯಾಹ್ನದೊಳಗೆ ಸರಿಹೋಗಬೇಕು. ಇಲ್ಲದಿದ್ದರೆ ಅದನ್ನು ಕಿತ್ತುಹಾಕುವುದೆಂದು ಕಂಪನಿಯ ಮೇಲಿನವರು ಹೇಳಿಯಾಗಿತ್ತು.

ವಿದ್ಯೆ ಇಷ್ಟೇ. ಪ್ರೋಗ್ರಾಮಿನಲ್ಲಿ ಬರುವ ಒಂದೊಂದು ಸ್ಟ್ರಿಂಗ್‌ಗೂ, ಅಂದರೆ ಅಕ್ಷರಗಳ ಸಾಲಿಗೂ, ಎಲ್ಲಿ ಜಾಗ ಕೊಡಬೇಕೆಂದು ಕಂಪೈಲರ್ ತೀರ್ಮಾನಿಸಬೇಕು. ಸ್ಟ್ಯಾಕ್ ಎಂಬುದು ಕೆಲಸದ ಮೇಜಿನಂತೆ: ಥಟ್ಟನೆ ಸಿಗುತ್ತದೆ, ಹಿಡಿದ ಕೆಲಸ ಮುಗಿದೊಡನೆ ಇನ್ನೊಬ್ಬರ ಪಾಲು. ಹೀಪ್ ಎಂಬುದು ಉಗ್ರಾಣ: ಜಾಗ ಹುಡುಕಲು ಹೊತ್ತು ಹಿಡಿದರೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಸಣ್ಣ ಸ್ಟ್ರಿಂಗ್‌ಗಳನ್ನೆಲ್ಲ ಸ್ಟ್ಯಾಕ್‌ನಲ್ಲೇ ಇಡು ಎಂದಿದ್ದಳು ಅತ್ತಿಗೆ. ಪ್ರೋಗ್ರಾಮುಗಳು ಕುದುರೆಯಂತೆ ಓಡಿದವು. ಆದರೆ ನಿನ್ನೆ, ಅಂಥ ಪ್ರೋಗ್ರಾಮೊಂದನ್ನು ಬಳಸುವ ಆಸ್ಪತ್ರೆಯಿಂದ ದೂರು ಬಂತು: ಔಷಧಿ ಚೀಟಿಯ ಮೇಲೆ ಒಬ್ಬರ ಬದಲು ಇನ್ನೊಬ್ಬರ ಹೆಸರು. ನರ್ಸ್ ಕಂಡು ತಡೆದದ್ದು ಪುಣ್ಯ.

“ಅತ್ತಿಗೆ, ಉದ್ದ ಹೆಸರಿನವರೆಲ್ಲ ಬಚಾವು. ಎಡವಟ್ಟಾಗಿರೋದು ಸಣ್ಣ ಹೆಸರಿನವರಿಗೇ,” ಎಂದಳು ಪಕ್ಕದ ಕುರ್ಚಿಯ ನಾದಿನಿ. ಅತ್ತಿಗೆ ಕಟ್ಟಿದ್ದನ್ನು ಕೆಡವಿ ನೋಡುವುದೇ ಅವಳಿಗೆ ಸಂಬಳದ ಕೆಲಸ.

“ಸಂಜೆ ನಿಮ್ಮಣ್ಣನ ಮುಂದೆ ಹೇಳಿ ನಗೋಕೆ ಒಂದು ಸಿಕ್ತು ನಿಂಗೆ.”

“ನಗೋದು ಆಮೇಲೆ ಇದ್ದೇ ಇದೆ. ಇಲ್ಲಿ ನೋಡಿ, ಪ್ರಿಂಟರ್‌ನ ಸರದಿಗೆ ಹೆಸರು ಇಟ್ಟಿರೋ ಜಾಗದ ವಿಳಾಸ ಮಾತ್ರ ಕೊಟ್ಟು ಪ್ರೋಗ್ರಾಮು ಕೈ ತೊಳ್ಕೊಳ್ಳುತ್ತೆ. ಪ್ರಿಂಟರ್ ಬಂದು ನೋಡೋ ಹೊತ್ತಿಗೆ ಆ ಜಾಗದಲ್ಲಿ ಬೇರೆಯವರು ಕೂತಿರ್ತಾರೆ. ಸಣ್ಣದಾದ್ರೆ ಆಮೇಲೆ ಯಾರಿಗೂ ಬೇಡ್ವಾ? ಹೀಗಾಗುತ್ತೆ, ಹೀಗೆ ಸರಿಮಾಡಿ ಅಂತ ಹೋದ ತಿಂಗಳೇ ಬರೆದು ಕಳ್ಸಿದ್ದೆ. ನೀವು, ‘ಬೇರೆ ಕೆಲಸ ಇಲ್ವೇನೇ’ ಅಂದ್ರಿ.”

ಅತ್ತಿಗೆ ಗಾತ್ರ ಅಳೆದಿದ್ದಳೇ ಹೊರತು, ಯಾರು ಅದಕ್ಕಾಗಿ ಕಾಯುತ್ತಿದ್ದಾರೆಂದು ಅವಳು ಕೇಳಿರಲಿಲ್ಲ. “ತಪ್ಪಾಯ್ತಮ್ಮ. ಹೇಗೆ ಬರೆದಿದ್ದೆ, ಹೇಳು,” ಎಂದು ಕೀಲಿಮಣೆ ಹತ್ತಿರಕ್ಕೆಳೆದುಕೊಂಡಳು.

ನಾದಿನಿ ಹೇಳಿದಳು: ಮೊದಲ ಪ್ರಶ್ನೆ, ಕೆಲಸ ಮುಗಿದ ಮೇಲೂ ಯಾರಾದರೂ ಇದನ್ನು ಹಿಡಿದಿರುತ್ತಾರೆಯೇ? ಹೌದಾದರೆ ಹೀಪ್; ಅನುಮಾನವಿದ್ದರೂ ಹೀಪ್. ಉಳಿದವು ಸಣ್ಣವಿದ್ದರೆ ಮಾತ್ರ ಸ್ಟ್ಯಾಕ್.

ಹನ್ನೊಂದೂವರೆಗೆ, ಹೊಸ ನಿಯಮದ ಪರೀಕ್ಷೆಗೆಂದು ಹಾಕಿದ ಸಾವಿರ ಚೀಟಿ ಹೊರಬಂದವು. ಒಂದು ಹೆಸರೂ ತಪ್ಪಲಿಲ್ಲ. ಓಟ ಕೊಂಚ ತಗ್ಗಿತು, ಅಷ್ಟೇ. ಫೋನಿನಲ್ಲಿ ಮೇಲಿನವರು, “ಹಾಗಾದ್ರೆ ಇರ್ಲಿ ಬಿಡಿ,” ಎಂದರು. ನಾದಿನಿ ಕುಣಿಯುತ್ತಲೇ ಕಾಫಿ ತರಲು ಹೋದಳು.

ಬದಲಾವಣೆಯನ್ನು ದಾಖಲಿಸುವ ಪುಟದಲ್ಲಿ ‘ದೋಷ ಕಂಡುಹಿಡಿದವರು’ ಎಂಬಲ್ಲಿ ಎಂದಿನಂತೆ ಅತ್ತಿಗೆಯ ಹೆಸರು ತಾನಾಗಿ ಬಂದು ಕೂತಿತ್ತು. ಅವಳು ಅದನ್ನು ಅಳಿಸಿದಳು. ನಾದಿನಿಯ ಹೆಸರು ಬರೆದು, ಹೋದ ತಿಂಗಳ ತಾರೀಖು ಹಾಕಿ, ಸದ್ದಿಲ್ಲದೆ ಕಳಿಸಿದಳು.