ಎಲ್ನಾ ಎತ್ತಿದ ಕಾರ್ಡು

ಕಪ್ಪು ಪಟ್ಟಿಯ ಗಂಟು ಮೂರನೆಯ ಸಲವೂ ಜಾರಿತು. ಎಸ್ತರ್ ಬಾವುಟದ ಕೋಲನ್ನು ಮೇಜಿಗೆ ಒರಗಿಸಿ, ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಹಿತ್ತಾಳೆಯ ಮೊನೆಗೆ ಸುತ್ತಿ ಎಳೆದಳು. ಎಪ್ಪತ್ತೊಂಬತ್ತು ವರ್ಷದ ಬೆರಳುಗಳು. ಅದರಲ್ಲಿ ನಲವತ್ತು ವರ್ಷ ತಣ್ಣನೆಯ ಉಪ್ಪುನೀರಿನಲ್ಲಿ ಮೀನು ಜೋಡಿಸಿದವು. ಸಣ್ಣ ಗಂಟುಗಳು ಈಗ ಅವುಗಳ ಮಾತು ಕೇಳುವುದಿಲ್ಲ.

"ಕೊಡಿ ಚಿಕ್ಕಮ್ಮ, ನಾನು ಕಟ್ತೀನಿ."

ಬಾಗಿಲಲ್ಲಿ ಮೆಟೆ ನಿಂತಿದ್ದಳು, ತೀರಿಕೊಂಡ ಎಲ್ನಾಳ ಒಬ್ಬಳೇ ಮಗಳು. ಎಸ್ತರ್ ಅವಳಿಗೆ ರಕ್ತಸಂಬಂಧದ ಚಿಕ್ಕಮ್ಮನಲ್ಲ. ಎಲ್ನಾಳ ಜೊತೆ ಒಂದೇ ಮೇಜಿನಲ್ಲಿ ಇಪ್ಪತ್ತಾರು ವರ್ಷ ಡಬ್ಬಿ ತುಂಬಿದವಳು, ಅಷ್ಟೇ. ಮಗು ಹಾಗೆ ಕರೆಯಲು ಅಷ್ಟು ಸಾಕಾಗಿತ್ತು.

ಮೆಟೆ ಗಂಟು ಹಾಕಿದಳು, ಬಾವುಟದ ಮಡಿಕೆ ಬಿಡಿಸಿದಳು. ಕೆಂಪು ರೇಷ್ಮೆ, ನಡುವೆ ಜೋಡಿಸಿದ ಎರಡು ಕೈ, ಕೆಳಗೆ ಬಂಗಾರದ ದಾರದಲ್ಲಿ ಹೊಲಿದ ಮೀನು. ಡೆನ್ಮಾರ್ಕಿನ ಎಸ್ಬ್ಯರ್ ಬಂದರಿನ ಮೀನು ಡಬ್ಬಿ ಕಾರ್ಖಾನೆಯ ಹೆಂಗಸರ ಸಂಘದ ಬಾವುಟ. ಕಾರ್ಖಾನೆ ಮುಚ್ಚಿ ಹದಿನೆಂಟು ವರ್ಷವಾಯಿತು. ಬಾವುಟ ಈಗ ಹೊರಗೆ ಬರುವುದು ಮೇ ಒಂದಕ್ಕೆ, ಇಲ್ಲವೇ ಯಾರಾದರೂ ಸತ್ತಾಗ. ಸತ್ತವರೇ ಹೆಚ್ಚು.

"ಗುಂಡಿಗೆ ಇಳಿಸಿದ ಮೇಲೆ ಮರ್ಯಾದೆಗೆ ಬಾವುಟನ ಮೂರು ಸಲ ಬಾಗಿಸ್ತೀರಲ್ಲ?" ಮೆಟೆ ಕೇಳಿದಳು. "ನಾನು ಅದನ್ನ ನೋಡ್ಬೇಕು. ಚಿಕ್ಕವಳಿದ್ದಾಗ ವಾರಕ್ಕೆ ಮೂರು ಸಂಜೆ ಅಮ್ಮ ಮೀಟಿಂಗಲ್ಲಿ. ನಾನು ಅಪ್ಪ ಹುರಿದ ಆಲೂಗಡ್ಡೆ ತಿಂದ್ಕೊಂಡು ಮಲಗ್ತಿದ್ದೆ. ಆ ಸಂಜೆಗಳಿಗೆಲ್ಲ ಸೇರಿಸಿ ಈ ಬಟ್ಟೆ ಒಂದ್ಸಲ ಬಾಗಲಿ. ಅಷ್ಟೇ ನಾನು ಕೇಳೋದು."

ಎಸ್ತರ್ ಬಾವುಟದ ಕೋಲು ಊರುವ ಚರ್ಮದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಳು, ಬಕಲು ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಹೋದ ಗುರುವಾರ ಆಸ್ಪತ್ರೆಯಲ್ಲಿ ಎಲ್ನಾ ಅವಳ ಮುಂಗೈ ಹಿಡಿದು ಹೇಳಿದ್ದಳು, ಬಾವುಟ ಬರಲಿ, ನೀನೇ ತಗೊಂಡು ಬಾ, ಆದರೆ ನನಗೆ ಅದನ್ನ ಬಾಗಿಸಬೇಡ. ಎಸ್ತರ್ ಮಾತು ಕೊಟ್ಟಿದ್ದಳು. ಮೆಟೆಗೆ ಏನು ಹೇಳಲಿ ಎಂದಾಗ ಎಲ್ನಾ ಗೋಡೆ ಕಡೆ ತಿರುಗಿ, ನಾನು ಹೋದ ಮೇಲೆ ಎಲ್ಲ ಹೇಳು, ಬದುಕಿದ್ದಾಗ ನನಗೆ ಬಾಯಿ ಬರಲಿಲ್ಲ ಅಂದಿದ್ದಳು.

"ಇನ್ನೊಂದು," ಎಂದು ಮೆಟೆ ಕೈಚೀಲ ತೆಗೆದಳು. "ಅಮ್ಮನ ಮೇಜುಬಟ್ಟೆಗಳ ಅಡಿಯಲ್ಲಿ ಸಿಕ್ತು. ಏನಿದು?"

ಅಂಗೈಗಿಂತ ಸ್ವಲ್ಪ ದೊಡ್ಡ ಹಸಿರು ಕಾರ್ಡು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಡೆನ್ಮಾರ್ಕ್, ಕೆಳಗೆ 41,600.

ಎಸ್ತರ್ ಅದನ್ನು ಮುಟ್ಟಲಿಲ್ಲ. "ಕಾಫಿ ಹೊತ್ತಿಗೆ ಹೇಳ್ತೀನಿ. ಜೋಪಾನ ಇಟ್ಕೋ," ಅಂದಳು.

* * *

ನಲವತ್ತನಾಲ್ಕು ವರ್ಷದ ಹಿಂದೆ, ಹ್ಯಾಂಬರ್ಗಿನಲ್ಲಿ, ಮೀನು ಕಾರ್ಖಾನೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟದ ಮಹಾಸಭೆ. ಡೆನ್ಮಾರ್ಕಿನಿಂದ ಐವರು ಹೋಗಿದ್ದರು. ನಾಲ್ವರು ಗಂಡಸರು, ಅವರ ಜೊತೆ ಎಲ್ನಾ. ಒಬ್ಬಳಾದರೂ ಹೆಂಗಸು ಇರಲಿ ಎಂದು ಪತ್ರ ಬಂದಿತ್ತು. ಇಂಥ ಸಭೆಗಳಲ್ಲಿ ತಲೆ ಎಣಿಸುವುದಿಲ್ಲ. ಒಂದು ದೇಶಕ್ಕೆ ಒಂದು ಕಾರ್ಡು. ಆ ದೇಶದಲ್ಲಿ ಚಂದಾ ಕೊಡುವ ಸದಸ್ಯರು ಎಷ್ಟು ಮಂದಿಯೋ ಅಷ್ಟು ಮತ ಆ ಒಂದು ಕಾರ್ಡಿನಲ್ಲಿರುತ್ತದೆ. ಕಾರ್ಡು ಹಿಡಿಯುವವನು ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷ. ಆಗ ಅದು ವಿಗ್ಗೋ ಥೋರುಪ್. ಹಡಗಿನ ಚಿಮಣಿಯಂಥ ಆಳು, ಒಳ್ಳೆಯ ಮಾತುಗಾರ.

ಮೊದಲ ದಿನ ಪೋರ್ಚುಗಲ್ಲಿನ ಒಬ್ಬ ಹೆಂಗಸು ಮಾತಾಡಿದಳು. ಹೆಸರು ಡೆಲ್ಫಿನಾ. ಅವರ ದೇಶದಲ್ಲಿ ಸಂಘ ಕಟ್ಟಿದರೆ ಜೈಲು. ಅವಳು ಗಡಿ ದಾಟಿ ಬಂದಿದ್ದಳು, ಮತ ಹಾಕುವ ಹಕ್ಕಿರಲಿಲ್ಲ, ಅತಿಥಿ ಅಷ್ಟೇ. ಒಂದು ಬಂದರಿನಲ್ಲಿ ಸಾರ್ಡೀನ್ ಡಬ್ಬಿಯ ಹೆಂಗಸರು ಏಳು ವಾರದಿಂದ ಕೆಲಸ ನಿಲ್ಲಿಸಿದ್ದಾರೆ, ಆ ಡಬ್ಬಿಗಳನ್ನು ನಿಮ್ಮ ಬಂದರುಗಳಲ್ಲಿ ಇಳಿಸಬೇಡಿ, ಅಷ್ಟು ಮಾಡಿದರೆ ನಾವು ಗೆಲ್ಲುತ್ತೇವೆ ಅಂದಳು.

ಸಂಜೆ ಊಟದ ಕೋಣೆಯಲ್ಲಿ ಅವಳು ಎಲ್ನಾಳ ಎದುರು ಬಂದು ಕೂತಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಡೆಲ್ಫಿನಾ ಎಲ್ನಾಳ ಎಡಗೈ ತಿರುಗಿಸಿ ಹೆಬ್ಬೆರಳ ಬುಡ ನೋಡಿದಳು. ಡಬ್ಬಿಯ ಮುಚ್ಚಳ ಕುಯ್ಯುವುದು ಅಲ್ಲೇ. ತನ್ನ ಕೈ ಪಕ್ಕದಲ್ಲಿಟ್ಟಳು. ಅದೇ ಜಾಗ, ಅದೇ ಬಿಳಿ ಗೆರೆ. ಆಮೇಲೆ ಬೆಂಕಿಪೊಟ್ಟಣ ಖಾಲಿ ಮಾಡಿ ಕಡ್ಡಿಗಳನ್ನು ಒಂದೇ ದಿಕ್ಕಿಗೆ ತಲೆ ಮಾಡಿ ಮತ್ತೆ ಅದರೊಳಗೆ ಜೋಡಿಸಿದಳು, ನಾವು ಹೀಗೆ ತುಂಬೋದು ಎನ್ನುವಂತೆ. ಎಲ್ನಾ ಎಲ್ಲವನ್ನೂ ಚೆಲ್ಲಿ, ಒಂದರ ತಲೆಗೆ ಇನ್ನೊಂದರ ಬಾಲ ಬರುವಂತೆ ಜೋಡಿಸಿ ತೋರಿಸಿದಳು. ಎರಡು ಕಡ್ಡಿ ಹೆಚ್ಚೇ ಹಿಡಿಯಿತು. ಡೆಲ್ಫಿನಾ ನಕ್ಕದ್ದು ಪಕ್ಕದ ಮೇಜಿಗೂ ಕೇಳಿತ್ತಂತೆ.

ಅದೇ ಸಂಜೆ ಐವರೂ ವಿಗ್ಗೋನ ಕೋಣೆಯಲ್ಲಿ ಸೇರಿದರು. ದೊಡ್ಡ ದೇಶದವರಿಗೆ ಈ ಬಹಿಷ್ಕಾರ ಬೇಕಿಲ್ಲ, ನಾವು ಅವರ ಜೊತೆ ನಿಂತರೆ ಅಂತರರಾಷ್ಟ್ರೀಯ ಒಕ್ಕೂಟದ ಉಪಾಧ್ಯಕ್ಷನ ಕುರ್ಚಿ ಡೆನ್ಮಾರ್ಕಿಗೆ ಬರುತ್ತದೆ, ಆ ಕುರ್ಚಿಯಿಂದ ನಾಳೆ ಇಂಥ ಹತ್ತು ಹೆಂಗಸರಿಗೆ ಸಹಾಯ ಮಾಡಬಹುದು ಎಂದು ವಿಗ್ಗೋ ವಿವರಿಸಿದ. ಬೇರೆ ಅಭಿಪ್ರಾಯ ಇದೆಯಾ ಅಂತಲೂ ಕೇಳಿದ. ಎಲ್ನಾ ತನ್ನ ಬೂಟಿನ ದಾರ ನೋಡುತ್ತ ಕೂತಿದ್ದಳು. ಸಂಘದ ಸಭೆಗಳಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ.

ಮಾರನೆಯ ದಿನ ಬಹಿಷ್ಕಾರದ ಠರಾವನ್ನು ಮತಕ್ಕೆ ಹಾಕುವ ಹೊತ್ತಿಗೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಗಳನ್ನು ವೇದಿಕೆಗೆ ಕರೆದರು. ವಿಗ್ಗೋ ಕಾರ್ಡನ್ನು ಪಕ್ಕದಲ್ಲಿದ್ದ ಎಲ್ನಾಳ ಕೈಗೆ ತುರುಕಿದ.

"ವಿರೋಧ ಅಂತ ಕೇಳ್ದಾಗ ಎತ್ತು. ಕೈ ಎತ್ತೋದಷ್ಟೇ ಕೆಲಸ," ಅಂದ.

ಪರವಾಗಿ ಯಾರು ಎಂದು ಸಭೆಯ ಅಧ್ಯಕ್ಷರು ಕೇಳಿದಾಗ ಕಾರ್ಡು ಎಲ್ನಾಳ ತೊಡೆಯ ಮೇಲಿತ್ತು. ಗೋಡೆಯ ಬಳಿ, ಅತಿಥಿಗಳ ಬೆಂಚಿನಿಂದ, ಡೆಲ್ಫಿನಾ ಅವಳನ್ನೇ ನೋಡುತ್ತಿದ್ದಳು. ವಿರೋಧವಾಗಿ ಯಾರು ಎಂದಾಗ ಎಲ್ನಾ ಬಲಗೈ ಎತ್ತಿದಳು. ಒಂಬತ್ತು ಸಾವಿರ ಮತದ ಅಂತರದಲ್ಲಿ ಠರಾವು ಬಿತ್ತು. ಎಲ್ನಾಳ ಕಾರ್ಡಿನಲ್ಲಿದ್ದದ್ದು 41,600.

ಗದ್ದಲದಲ್ಲಿ ಕಾರ್ಡನ್ನು ಯಾರೂ ವಾಪಸು ಕೇಳಲಿಲ್ಲ.

* * *

ಚರ್ಚಿನಲ್ಲಿ ನಲವತ್ತು ಮಂದಿ ಇದ್ದರು. ಅಷ್ಟು ಜನ ಬಂದದ್ದಕ್ಕೆ ಮೆಟೆಗೆ ಸಮಾಧಾನವಾಯಿತು. ವಿಗ್ಗೋ ಥೋರುಪ್ ಕೋಪನ್‌ಹೇಗನ್ನಿನಿಂದ ಕಾರಿನಲ್ಲಿ ಬಂದಿದ್ದ. ತೊಂಬತ್ತೊಂದು ವರ್ಷ, ಚಕ್ರದ ಚೌಕಟ್ಟು ತಳ್ಳಿಕೊಂಡು ನಡೆಯುತ್ತಿದ್ದ. ಕೋಟಿನ ಮೇಲೆ ಎರಡು ಒಕ್ಕೂಟಗಳ ಬಂಗಾರದ ಪಿನ್ನು. ಅವನನ್ನು ಕಂಡು ಹಿಂದಿನ ಸಾಲಿನ ಮುದುಕಿಯರಲ್ಲಿ ಒಬ್ಬಳು, ದೊಡ್ಡವರು ದೊಡ್ಡ ಹೆಣಕ್ಕೆ ಮಾತ್ರ ಬರ್ತಾರೆ ಅಂದ್ಕೊಂಡಿದ್ದೆ ಎಂದಳು. ಇನ್ನೊಬ್ಬಳು, ಎಲ್ನಾ ಕೊನೆಕೊನೆಗೆ ದಪ್ಪಗಾಗಿದ್ದಳಲ್ಲ ಎಂದು ಪಿಸುಗುಟ್ಟಿದಳು. ಇಬ್ಬರೂ ಕರವಸ್ತ್ರಕ್ಕೆ ಮುಖ ಒತ್ತಿಕೊಂಡರು.

ಸ್ಮಶಾನದಲ್ಲಿ ಸಮುದ್ರದ ಗಾಳಿ ನೇರ ಬೀಸುತ್ತಿತ್ತು. ಎಸ್ತರ್ ಗುಂಡಿಯ ತಲೆಯ ಕಡೆ ನಿಂತಳು. ಕೋಲು ಸೊಂಟದ ಚರ್ಮದ ಬಟ್ಟಲಿನಲ್ಲಿ ಊರಿತ್ತು. ಪೆಟ್ಟಿಗೆ ಇಳಿಯಿತು. ಪಾದ್ರಿ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು, ಬಾವುಟದ ಕಡೆ ತಲೆಯಾಡಿಸಿದರು. ಈಗ ಅದರ ಸರದಿ.

ಎಸ್ತರ್ ಅಲುಗಲಿಲ್ಲ.

ರೇಷ್ಮೆ ಪಟಪಟ ಬಡಿಯುತ್ತಿತ್ತು. ಪಾದ್ರಿ ಮತ್ತೊಮ್ಮೆ ತಲೆಯಾಡಿಸಿದರು. ಮುದುಕಿಗೆ ಮರೆವು ಅಂದುಕೊಂಡಿರಬೇಕು. ವಿಗ್ಗೋ ಚೌಕಟ್ಟನ್ನು ಜಲ್ಲಿಯ ಮೇಲೆ ಉರುಳಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಬಾವುಟ ಇಳಿಸು, ಎಸ್ತರ್," ಅಂದ. ಮೆಲ್ಲಗೇ ಅಂದದ್ದು, ಆದರೆ ಅದು ಮಹಾಸಭೆಗಳನ್ನು ನಡೆಸಿದ ಗಂಟಲು.

ಎಸ್ತರ್ ಅವನ ಕಡೆ ನೋಡಲಿಲ್ಲ. ಗುಂಡಿಯ ಆಚೆ ಮೆಟೆ ನಿಂತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಹುರಿದ ಆಲೂಗಡ್ಡೆಯ ತಟ್ಟೆ ಮುಂದಿಟ್ಟುಕೊಂಡು ಬಾಗಿಲು ನೋಡುತ್ತಿದ್ದ ಹುಡುಗಿಯ ಮುಖ ಅದು. ಒಂದು ಸಲ ಬಾಗಿಸಿದರೆ ಮುಗಿಯುತ್ತಿತ್ತು. ಸತ್ತವಳು ಎದ್ದು ಬಂದು ಕೇಳುತ್ತಿರಲಿಲ್ಲ. ಎಸ್ತರಳ ಕೈಯಲ್ಲಿ ಕೋಲಿನ ಮೊನೆ ಒಂದು ಗೇಣು ವಾಲಿತು. ಅವಳು ಹಲ್ಲು ಕಚ್ಚಿ ಅದನ್ನು ಮತ್ತೆ ನೆಟ್ಟಗೆ ಮಾಡಿದಳು.

ಜನ ಚದುರಿದರು. ಗೇಟಿನ ಹತ್ತಿರ ಮೆಟೆ ಅವಳನ್ನು ಹಿಡಿದು ನಿಲ್ಲಿಸಿದಳು.

"ಇಷ್ಟು ವರ್ಷ ನಿಮ್ಮನ್ನ ಚಿಕ್ಕಮ್ಮ ಅಂದೆ. ಅಮ್ಮ ನಿಮಗೇನು ಮಾಡಿದ್ದಳು?"

"ನನಗೇನೂ ಮಾಡಿಲ್ಲ ಮಗಳೇ," ಅಂದಳು ಎಸ್ತರ್. "ಬಾಗಿಸಬೇಡ ಅಂದದ್ದು ಅವಳೇ. ಇಲ್ಲಿ ಕೂತ್ಕೋ, ಹೇಳ್ತೀನಿ."

ಗೋಡೆಯ ಮೇಲೆ ಕೂತು, ಬಾವುಟವನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು, ಎಸ್ತರ್ ಹ್ಯಾಂಬರ್ಗಿನ ಕತೆ ಹೇಳಿದಳು. ಬೆಂಕಿಕಡ್ಡಿಯನ್ನೂ ಬಿಡಲಿಲ್ಲ.

* * *

ಹ್ಯಾಂಬರ್ಗಿನಿಂದ ಬಂದ ಮೂರು ತಿಂಗಳಿಗೆ ಒಕ್ಕೂಟದ ಪತ್ರಿಕೆ ಬಂತು. ಮೊದಲ ಪುಟದಲ್ಲಿ ಹೊಸ ಉಪಾಧ್ಯಕ್ಷ ವಿಗ್ಗೋನ ಫೋಟೋ. ಅದೇ ಪುಟದ ಕೆಳಗೆ ಎಂಟು ಸಾಲು: ಪೋರ್ಚುಗಲ್ಲಿನ ಡಬ್ಬಿ ಕೆಲಸಗಾರ್ತಿಯರ ಮುಷ್ಕರ ಮುಗಿದಿದೆ, ಇನ್ನೂರ ಹತ್ತು ಮಂದಿಯನ್ನು ಕೆಲಸದಿಂದ ತೆಗೆಯಲಾಗಿದೆ, ಕೆಲವರು ಜೈಲಿನಲ್ಲಿದ್ದಾರೆ. ಹೆಸರುಗಳಿರಲಿಲ್ಲ. ಊಟದ ಬಿಡುವಿನಲ್ಲಿ ಎಲ್ನಾ ಆ ಎಂಟು ಸಾಲನ್ನು ಎಸ್ತರಳಿಗೆ ಓದಿ ಹೇಳಿ, ಪತ್ರಿಕೆಯಲ್ಲಿ ರೊಟ್ಟಿ ಸುತ್ತಿಟ್ಟಳು. ತಿನ್ನಲಿಲ್ಲ.

ಹ್ಯಾಂಬರ್ಗಿನಲ್ಲಿ ಚೆನ್ನಾಗಿ ನಡೆದುಕೊಂಡಳು ಎಂದು ಅದೇ ವರ್ಷ ಅವಳನ್ನು ಊರ ಸಂಘದ ಉಪಾಧ್ಯಕ್ಷೆ ಮಾಡಿದರು. ಇಪ್ಪತ್ತೆರಡು ವರ್ಷ ದುಡಿದಳು. ಬಸುರಿಯರಿಗೆ ಕೂತು ಮಾಡುವ ಕೆಲಸ ಕೊಡಿಸಿದಳು, ಚಳಿಗಾಲಕ್ಕೆ ರಬ್ಬರಿನ ಕೈಗವಸು ತರಿಸಿದಳು. ಸಂಘದ ಸಭೆಗಳಲ್ಲಿ ಮತ ಎಣಿಸುವ ಕೆಲಸ ಎಸ್ತರಳದು. ಹ್ಯಾಂಬರ್ಗಿನ ನಂತರ ಎಲ್ನಾ ಮತಕ್ಕೆ ಎಡಗೈಯನ್ನೇ ಎತ್ತುತ್ತಾಳೆ ಎಂದು ಗಮನಿಸಿದ್ದವಳು ಅವಳೊಬ್ಬಳೇ. ಬಲಭುಜ ನೋವು ಎಂದು ಎಲ್ನಾ ಎಲ್ಲರಿಗೂ ಹೇಳಿದ್ದಳು. ಆ ಭುಜದಲ್ಲೇ ಇಪ್ಪತ್ತು ಕಿಲೋ ಪೆಟ್ಟಿಗೆ ಎತ್ತುತ್ತಿದ್ದಳು.

* * *

ಸಂಘದ ಹಜಾರದಲ್ಲಿ ಕಾಫಿ, ಬೆಣ್ಣೆ ಹಚ್ಚಿದ ಬನ್ನು, ಕೆನೆಯ ಕೇಕು. ಮೆಟೆ ತಡವಾಗಿ ಬಂದಳು. ಕಣ್ಣು ಕೆಂಪಗಿದ್ದರೂ ಮುಖ ತೊಳೆದುಕೊಂಡಿದ್ದಳು. ನೇರ ವಿಗ್ಗೋನ ಮೇಜಿಗೆ ಹೋಗಿ, ಅವನ ಕಾಫಿ ಬಟ್ಟಲಿನ ಪಕ್ಕದಲ್ಲಿ ಹಸಿರು ಕಾರ್ಡು ಇಟ್ಟಳು.

ವಿಗ್ಗೋ ತನ್ನ ಭಾಷಣದ ಹಾಳೆಗಳನ್ನು ಸರಿಮಾಡಿಕೊಳ್ಳುತ್ತಿದ್ದ. ಕನ್ನಡಕ ತೆಗೆದು ಹಾಕಿಕೊಂಡು ಕಾರ್ಡನ್ನು ನೋಡಿದ.

"ಇದನ್ನ ಯಾರು ಕೊಟ್ಟರು?"

"ನೀನೇ ಕೊಟ್ಟದ್ದು," ಅಂದಳು ಎದುರು ಕೂತಿದ್ದ ಎಸ್ತರ್. "ಎಲ್ನಾ ಕೈಗೆ."

ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅದು ನಾವು ಐದೂ ಜನ ಸೇರಿ ಮಾಡಿದ ತೀರ್ಮಾನ. ಅವಳು ನಾನು ಹೇಳಿದ ಹಾಗೆ ಮಾಡಿದಳು. ಅವಳದ್ದೇನೂ ತಪ್ಪಿರಲಿಲ್ಲ."

"ಈ ಒಂದು ಮಾತು ಹೇಳೋಕೆ ಒಂದ್ಸಲನಾದ್ರೂ ಮನೆಗೆ ಬಂದಿದ್ರಾ?" ಎಂದಳು ಮೆಟೆ.

ವಿಗ್ಗೋ ಹಾಳೆಗಳನ್ನು ಮೇಜಿನ ಅಂಚಿಗೆ ಸರಿಸಿದ. ಸಹಾಯ ಮಾಡಬೇಕೆಂದಿದ್ದ ಆ ಹತ್ತು ಹೆಂಗಸರು ಯಾರು ಯಾರು ಎಂದು ಎಸ್ತರ್ ಕೇಳಿದಳು. ಕುಟುಕುವ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಅವನು ಕಾರ್ಡಿನ ಮೇಲಿನ ಅಂಕಿಯನ್ನು ಉಗುರಿನಿಂದ ಸವರಿದ. ಹಾಳೆಗಳಲ್ಲಿ ಒಂದು ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಆಗ ಹಳೆಯ ಸಂಘವನ್ನು ಸೇರಿಸಿಕೊಂಡ ಊರ ಕಾರ್ಮಿಕ ಸಂಘದ ಈಗಿನ ಅಧ್ಯಕ್ಷೆ, ಮೂವತ್ತು ದಾಟದ ಹೆಣ್ಣುಮಗಳು, ಚಮಚದಿಂದ ಬಟ್ಟಲು ತಟ್ಟಿದಳು. ಎಲ್ನಾಳ ಬಗ್ಗೆ ಎರಡು ಮಾತಾಡಲು ಯಾರಿಗಾದರೂ ಇಷ್ಟವಿದೆಯೇ, ಕೈ ಎತ್ತಿ ಎಂದಳು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

ವಿಗ್ಗೋ ಕೈ ಎತ್ತಿದ. ಕೈಯಲ್ಲಿ ಕಾರ್ಡಿತ್ತು, ಮತಕ್ಕೆ ಎತ್ತುವಂತೆ.

"ಹೇಳಿ ವಿಗ್ಗೋ," ಅಂದಳು ಅಧ್ಯಕ್ಷೆ.

ಅವನು ಏಳಲಿಲ್ಲ. ಹಾಳೆಗಳ ಕಡೆ ನೋಡಲೂ ಇಲ್ಲ. ಅಧ್ಯಕ್ಷೆ ಮತ್ತೊಮ್ಮೆ ಕರೆದು, ಏನು ಮಾಡುವುದೆಂದು ತೋಚದೆ ಚಮಚ ಕೆಳಗಿಟ್ಟಳು. ಕೇಕು ಕೊಯ್ಯುತ್ತಿದ್ದವರ ಕೈ ನಿಂತಿತು. ಕೋಟಿನ ತೋಳು ಮೊಣಕೈವರೆಗೆ ಜಾರಿ ಸಣಕಲು ಕೈ ಕಾಣಿಸಿತು. ಆದರೂ ಅವನು ಅದನ್ನು ಇಳಿಸಲಿಲ್ಲ. ಮೆಟೆ ಅದನ್ನೇ ನೋಡುತ್ತ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತಳು.

ಹಿಂದೆ ಗೋಡೆಗೆ ಒರಗಿಸಿಟ್ಟ ಬಾವುಟದ ಕಪ್ಪು ಪಟ್ಟಿ ಬಿಚ್ಚಿಹೋಗಿತ್ತು. ಎಸ್ತರಳ ತುಟಿ, ಮೂವತ್ತು ವರ್ಷ ಮತ ಎಣಿಸಿದ ರೂಢಿ, ತಾನೇ ಅಲುಗಿತು.

ಒಂದು.