ಮೂರನೇ ಮಹಡಿಯ ತಲೆಎಣಿಕೆ

"ಹನ್ನೊಂದನೇ ಕೋಣೆ, ಒಬ್ಬರು," ಎಂದು ವಿಶ್ವವಿದ್ಯಾಲಯದ ಗುಮಾಸ್ತ ಬರೆದುಕೊಂಡ. ಹಾಸ್ಟೆಲಿನ ಆಯಾ ಅವನನ್ನು ಮುಂದಿನ ಬಾಗಿಲಿಗೆ ಕರೆದೊಯ್ಯುವ ಬದಲು ಕಿಟಕಿಯತ್ತ ತಿರುಗಿಸಿ, ಸೋರುವ ಕೊಳಾಯಿಯ ಕಥೆ ತೆಗೆದಳು. ಹಿಂಬದಿಯ ಕಾರಿಡಾರಿನಲ್ಲಿ ಬರಿಗಾಲು ದಡದಡ ಓಡಿದ್ದು ಅವನ ಕಿವಿಗೆ ಬೀಳಬಾರದಿತ್ತು.

ವಿದೇಶಿ ವಿದ್ಯಾರ್ಥಿನಿಯರ ಹಾಸ್ಟೆಲಿನ ಈ ಮಹಡಿಯಲ್ಲಿ ಇಪ್ಪತ್ತನಾಲ್ಕು ಕೋಣೆ. ಎರಡು ವರ್ಷದ ಹಿಂದೆ ಎಲ್ಲವೂ ತುಂಬಿ, ಅಡುಗೆಮನೆಯ ಕಪಾಟಿಗೂ ಜಗಳ. ಇಂಗ್ಲಿಷಿನಲ್ಲಿ ಓದಬೇಕೇ, ನಮ್ಮಲ್ಲಿಗೇ ಬನ್ನಿ ಎಂದು ದೇಶದೇಶಕ್ಕೆ ಬಣ್ಣದ ಪುಸ್ತಕ ಹಂಚಿದ ಸರ್ಕಾರದವರೇ ಈಗ ವೀಸಾದ ಬಾಗಿಲು ಜಡಿದು, ಬಂದವರನ್ನು ಹೊರೆ ಅನ್ನುತ್ತಿದ್ದರು. ಈ ವರ್ಷ ಇದ್ದವರು ಆರೇ ಜನ. ಎಂಟು ತಲೆ ಇಲ್ಲದಿದ್ದರೆ ಮಹಡಿಗೆ ಬೀಗ. ಹುಡುಗಿಯರು ಪರೀಕ್ಷೆಗೆ ಮುಂಚೆ ದಿಕ್ಕಿಗೊಬ್ಬರು, ಆಯಾಳೂ ಕೆಲಸ ಕಳೆದುಕೊಂಡು ಮನೆಗೆ. ಅದಕ್ಕೇ ಎರಡು ಖಾಲಿ ಕೋಣೆಗೆ ಅವಳು ಹಾಸಿಗೆ ಹಾಸಿದ್ದಳು. ಎಲ್ಲರಿಗಿಂತ ಚಿಕ್ಕವಳು, ಆಯಾ ಪುಟ್ಟಿ ಎಂದು ಕರೆಯುವ ಹುಡುಗಿ, ತನ್ನ ಹನ್ನೊಂದನೇ ಕೋಣೆಯ ಜೊತೆಗೆ ಆ ಎರಡರಲ್ಲೂ ಕಾಣಿಸಿಕೊಳ್ಳಬೇಕಿತ್ತು.

ಹದಿನಾಲ್ಕನೇ ಕೋಣೆಯಲ್ಲಿ ಪುಟ್ಟಿ ಕನ್ನಡಕ ತೆಗೆದಿದ್ದಳು. ಹತ್ತೊಂಬತ್ತನೆಯದರಲ್ಲಿ ತಲೆಗೆ ಟವೆಲ್ ಸುತ್ತಿ, ಏದುಸಿರು ಬಿಡುತ್ತ ನಿಂತಿದ್ದಳು.

"ಇವಳಿಗೆ ಸ್ವಲ್ಪ ನೆಗಡಿ," ಎಂದಳು ಆಯಾ, ಯಾರೂ ಕೇಳದಿದ್ದರೂ.

ಗುಮಾಸ್ತನ ಪೆನ್ನು ನಿಂತಿತು. "ಅಲ್ಲಮ್ಮಾ, ನಿನಗೆ ಎಷ್ಟು ಜನ ಅಕ್ಕತಂಗೀರು? ಆಗಲೇ ಇಬ್ಬರನ್ನ ನೋಡ್ಕೊಂಡು ಬಂದೆ."

ಪುಟ್ಟಿ ತಲೆಯ ಟವೆಲ್ ಬಿಚ್ಚಿದಳು.

"ಒಬ್ಬಳೇ ತಂಗಿ ಸರ್. ಇಲ್ಲಿಗೇ ಬರಬೇಕಿತ್ತು, ವೀಸಾ ಕೊಡಲಿಲ್ಲ. ನಮ್ಮ ಆಯಾ ದೊಡ್ಡಮ್ಮ ಅವಳಿಗೇ ಅಂತ ಈ ಕೋಣೆ ಗುಡಿಸಿ ಇಟ್ಟಿದ್ರು."

ಗುಮಾಸ್ತ ಹಾಸಿಗೆಯತ್ತ ನೋಡಿದ. ಹೊದಿಕೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಪರೀಕ್ಷೆ ಯಾವಾಗ?"

"ಆರು ವಾರ ಇದೆ ಸರ್."

ಅವನು ಪೆನ್ನಿನ ತುದಿಯಿಂದ ಕಿವಿಯ ಹಿಂದೆ ಕೆರೆದುಕೊಂಡ. "ಏನು ಮೆಟ್ಟಿಲಮ್ಮ ನಿಮ್ಮದು, ನನ್ನ ಮಂಡಿ ಹಿಡ್ಕೊಂಡುಬಿಡ್ತು. ಎಣಿಕೆ ಅರ್ಧಕ್ಕೆ ನಿಂತಿದೆ ಅಂತ ಬರೀತೀನಿ. ಏಳು ವಾರ ಬಿಟ್ಟು ಬರ್ತೀನಿ. ಅವತ್ತು ಈ ಮಗೂನ ಓಡಿಸಬೇಡಿ."

ಅವನು ಗೋಡೆ ಹಿಡಿಯದೆ, ಸರಸರ ಇಳಿದುಹೋದ. ಪುಟ್ಟಿ ಮೇಲಿನ ಮೆಟ್ಟಿಲ ಮೇಲೆ ಕುಸಿದಳು. ಆಯಾ ಪಕ್ಕದಲ್ಲಿ ಕೂತು, ಅವಳ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಅಂಗಾಲಿನ ಧೂಳು ಒರೆಸತೊಡಗಿದಳು.

"ಅವರು ಮತ್ತೆ ಬರ್ತಾರಲ್ಲ ದೊಡ್ಡಮ್ಮ?"

"ಬರಲಿ. ಆ ಕಾಲು ಕೊಡು ಇತ್ತ."